ಪ್ರಾರ್ಥನೆ ಮಾಡಿದರೂ ಸಮಾಧಾನ ಎರಡೇ ದಿನ ಇರುತ್ತದೆ, ಏನು ಮಾಡಲಿ?

ಪ್ರಶ್ನೆ: ನಮ್ಮದು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆ ಸಣ್ಣ ಅಡಿಕೆ ತೋಟ. ಕಳೆದ ವರ್ಷ ಯಜಮಾನರಿಗೆ ಪಾರ್ಶ್ವವಾಯು ಬಡಿದು ಬಲಭಾಗ ಬಿದ್ದುಹೋಯಿತು, ಮಾತೂ ಅರ್ಧಕ್ಕರ್ಧ ನಿಂತಿದೆ. ಅದೇ ಮಳೆಗಾಲ ಕೊಳೆರೋಗದಲ್ಲಿ ಫಸಲು ಹೋಯಿತು. ಸಹಕಾರಿ ಬ್ಯಾಂಕಿನ ಸಾಲ ಹಾಗೆಯೇ ಇದೆ. ಗಲ್ಫಿನಲ್ಲಿರುವ ಮೈದುನಂದಿರು ಫೋನೂ ಮಾಡುವುದಿಲ್ಲ. ದಿನಾ ತೆರ್ಸ್ (ಜಪಮಾಲೆ) ಹೇಳುತ್ತೇನೆ, ಆದಿತ್ಯವಾರದ ಪೂಜೆ ತಪ್ಪಿಸಿಲ್ಲ. ಧ್ಯಾನಕೂಟಕ್ಕೆ ಹೋಗಿ ಬಂದರೆ ಎರಡು ದಿನ ಮನಸ್ಸು ಹಗುರ, ಮೂರನೆಯ ದಿನ ಮತ್ತೆ ಅದೇ ಭಾರ. ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಬೆಳಗಿನ ತನಕ ನಿದ್ದೆ ಇಲ್ಲ. ಕೂಟದಲ್ಲಿ ಒಬ್ಬರು, 'ವಿಶ್ವಾಸ ಗಟ್ಟಿ ಇದ್ದವರಿಗೆ ಚಿಂತೆ ಬರುವುದಿಲ್ಲ' ಎಂದರು. ನನ್ನ ವಿಶ್ವಾಸವೇ ಕಡಿಮೆಯೇ? ನಿಲ್ಲುವಂಥ ಸಮಾಧಾನ ಸಿಗಲು ಏನು ಮಾಡಬೇಕು?

ಉತ್ತರ:

ಸಹೋದರಿ, ನಿಮ್ಮ ವಿಶ್ವಾಸ ಕಡಿಮೆಯಾಗಿಲ್ಲ. ಆ ಮಾತು ಹೇಳಿದವರು ಮಾರ್ಕನ ಸುವಾರ್ತೆಯ 14ನೇ ಅಧ್ಯಾಯವನ್ನು ಇನ್ನೊಮ್ಮೆ ಓದಬೇಕು. ಗೆತ್ಸೆಮನೆ ತೋಟದಲ್ಲಿ ಯೇಸುಸ್ವಾಮಿಯೇ ದಿಗಿಲುಪಟ್ಟರು. ಸಾಯುವಷ್ಟು ದುಃಖವಾಗಿದೆ ಎಂದು ಶಿಷ್ಯರ ಹತ್ತಿರ ಬಾಯಿಬಿಟ್ಟು ಹೇಳಿದರು, ಜೊತೆಗೆ ಎಚ್ಚರವಾಗಿರಿ ಎಂದು ಬೇಡಿಕೊಂಡರು, ಅದೇ ಪ್ರಾರ್ಥನೆಯನ್ನು ಮೂರು ಸಲ ಮಾಡಿದರು. ಇದಕ್ಕೆ ಸ್ವಲ್ಪ ಹೊತ್ತು ಮುಂಚೆ, ಅದೇ ರಾತ್ರಿಯ ಊಟದಲ್ಲಿ, ನನ್ನ ಶಾಂತಿಯನ್ನು ನಿಮಗೆ ಕೊಡುತ್ತೇನೆ ಎಂದವರೂ ಅವರೇ (ಯೋಹಾನ 14:27). ಎದೆ ನಡುಗುವುದೂ ದೇವರ ಶಾಂತಿಯೂ ಒಂದೇ ರಾತ್ರಿ ಒಬ್ಬರಲ್ಲೇ ಇರಬಲ್ಲವು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಇದನ್ನು ಮೊದಲೇ ಹೇಳಿದ್ದಕ್ಕೆ ಕಾರಣವಿದೆ. ನೀವು ಹುಡುಕುತ್ತಿರುವುದು ಮನಸ್ಸು ಹಗುರಾಗುವುದನ್ನು. ಕ್ರೈಸ್ತ ವಿಶ್ವಾಸ ಭರವಸೆ ಕೊಡುವುದು ಬೇರೆಯದಕ್ಕೆ: ಭಾರ ಇರುವಾಗಲೂ ಕುಸಿಯದೆ ನಿಲ್ಲಲು ಒಂದು ನೆಲೆ, ಮತ್ತು ಆ ಭಾರವನ್ನು ಯಾರ ಮುಂದೆ ಇಳಿಸಬೇಕು ಎಂಬ ತಿಳಿವಳಿಕೆ. ಮನಸ್ಸು ಹಗುರಾದರೆ ಒಳ್ಳೆಯದೇ, ಬಂದಾಗ ಅನುಭವಿಸಿ. ಆದರೆ ಅದನ್ನೇ ಗುರುತೆಂದು ಇಟ್ಟುಕೊಂಡರೆ ನಿಮಗಾದಂತೆ ಪ್ರತಿ ಮೂರನೆಯ ದಿನ ಸೋಲು.

ಧ್ಯಾನಕೂಟದ ಹಗುರತನ ಏಕೆ ನಿಲ್ಲುವುದಿಲ್ಲ? ಅಲ್ಲಿ ನೂರಾರು ಜನರ ಜೊತೆ ಹಾಡುತ್ತೀರಿ, ಹೊತ್ತಿಗೆ ಸರಿಯಾಗಿ ಯಾರೋ ಅಡುಗೆ ಮಾಡಿ ಬಡಿಸುತ್ತಾರೆ, ಯಜಮಾನರನ್ನು ಮಗ್ಗುಲಾಗಿಸುವ ಕೆಲಸ ಇಲ್ಲ, ಬ್ಯಾಂಕಿನ ನೋಟೀಸು ಕಣ್ಣೆದುರು ಇಲ್ಲ. ದೇಹಕ್ಕೂ ಮನಸ್ಸಿಗೂ ವಿರಾಮ ಸಿಕ್ಕಿತು, ಹಗುರಾಯಿತು. ಆ ಅನುಭವ ಸುಳ್ಳಲ್ಲ. ಮನೆಗೆ ಬಂದ ಮೇಲೆ ಅದು ಹೋದರೆ ನಿಮ್ಮ ತಪ್ಪೂ ಅಲ್ಲ. ತಪ್ಪಾಗುವುದು ಮುಂದಿನ ಹೆಜ್ಜೆಯಲ್ಲಿ. ಹೋದದ್ದನ್ನು ಮತ್ತೆ ಹಿಡಿಯಲು ಇನ್ನೊಂದು ಕೂಟಕ್ಕೆ ಓಡುವುದು, ಅದು ಮುಗಿದರೆ ಮತ್ತೊಂದು, ನಡುವೆ ದಿನಕ್ಕೆ ಹತ್ತು ಸಲ 'ಸಮಾಧಾನ ಇದೆಯೇ, ಹೋಯಿತೇ' ಎಂದು ಒಳಗೆ ಇಣುಕುವುದು. ಅಂಗಳಕ್ಕೆ ಹರಡಿದ ಅಡಿಕೆ ಒಣಗಿ ಚಾಲಿಯಾಗಲು 40 ದಿನದಷ್ಟು ಬಿಸಿಲು ಬೇಕು. ದಿನಾ ಸುಲಿದು ನೋಡಿದರೆ ಬೇಗ ಒಣಗುವುದಿಲ್ಲ, ಹಾಳಾಗುತ್ತದೆ.

ಇನ್ನು ಮಾಡಬೇಕಾದ್ದು. ಮೊದಲನೆಯದು ಪ್ರಾರ್ಥನೆ ಅಲ್ಲ, ಊಟ ಮತ್ತು ನಿದ್ದೆ. 1 ಅರಸುಗಳ 19ನೇ ಅಧ್ಯಾಯದಲ್ಲಿ ಪ್ರವಾದಿ ಎಲೀಯನು ಒಂದು ಗಿಡದ ಕೆಳಗೆ ಬಿದ್ದುಕೊಂಡು, ಸಾಕು, ನನ್ನ ಪ್ರಾಣ ತೆಗೆದುಕೋ ಎನ್ನುತ್ತಾನೆ. ದೇವರು ಅವನಿಗೆ ಉಪದೇಶ ಮಾಡಲಿಲ್ಲ, ವಿಶ್ವಾಸ ಎಲ್ಲಿ ಹೋಯಿತು ಎಂದು ಗದರಿಸಲೂ ಇಲ್ಲ. ಮಲಗಲು ಬಿಟ್ಟರು. ದೂತನು ತಟ್ಟಿ ಎಬ್ಬಿಸಿ ರೊಟ್ಟಿ, ನೀರು ಕೊಟ್ಟ. ಮತ್ತೆ ಮಲಗಿದ. ಎರಡನೆಯ ಸಲವೂ ಎಬ್ಬಿಸಿ ಉಣ್ಣಿಸಿದ. ಹೋರೇಬ್ ಬೆಟ್ಟದಲ್ಲಿ ದೇವರ ಮೆಲುದನಿ ಕೇಳಿಸಿದ್ದು ಇಷ್ಟೆಲ್ಲ ಆದ ಮೇಲೆ. ರೋಗಿಯನ್ನು ನೋಡಿಕೊಳ್ಳುವ ಹೆಂಗಸರು ನಮ್ಮಲ್ಲಿ ಸಾಮಾನ್ಯವಾಗಿ ಮಾಡುವುದೇನೆಂದರೆ, ಅವರಿಗೆ ಗಂಜಿ ಕುಡಿಸಿ, ಒರೆಸಿ, ಮಲಗಿಸಿ, ಆಮೇಲೆ ತಣ್ಣಗಾದ ಅನ್ನವನ್ನು ನಿಂತುಕೊಂಡೇ ಮುಗಿಸುವುದು. ಅದರ ಮೇಲೆ ಹರಕೆಯ ಉಪವಾಸ ಬೇರೆ. ಈ ಪರಿಸ್ಥಿತಿಯಲ್ಲಿ ಉಪವಾಸ ನಿಲ್ಲಿಸಿ. ಅನಾರೋಗ್ಯ ಇರುವವರಿಗೆ ಧರ್ಮಸಭೆಯೇ ಉಪವಾಸದಿಂದ ವಿನಾಯಿತಿ ಕೊಡುತ್ತದೆ. ನಿದ್ದೆಗೆಟ್ಟು ಒಬ್ಬಂಟಿಯಾಗಿ ರೋಗಿಯ ಚಾಕರಿ ಮಾಡುವವರೂ ಅದೇ ಸಾಲಿನವರು. ಅನುಮಾನವಿದ್ದರೆ ನಿಮ್ಮ ಫಾದರನ್ನು ಕೇಳಿ, ಅವರೂ ಇದನ್ನೇ ಹೇಳುತ್ತಾರೆ.

ಪ್ರಾರ್ಥನೆಯಲ್ಲಿ ನಿಮಗೆ ಕೊರತೆಯಾಗಿರುವುದು ದೂರು. ತೆರ್ಸ್ ಹೇಳುತ್ತೀರಿ, ಸ್ತುತಿ ಹಾಡುತ್ತೀರಿ, ಬೇಡುತ್ತೀರಿ. ದೇವರ ಮುಂದೆ ನಿಂತು 'ಇದೇನು ಮಾಡಿದೆ' ಎಂದು ಎಂದಾದರೂ ಕೇಳಿದ್ದೀರಾ? ಹಾಗೆ ಕೇಳುವುದು ಪಾಪ ಎಂದು ಬಹಳ ಮಂದಿ ನಂಬಿದ್ದಾರೆ. 150 ಕೀರ್ತನೆಗಳಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಇಂಥ ದೂರಿನವೇ. 13ನೇ ಕೀರ್ತನೆ ಆರೇ ವಚನಗಳದ್ದು. ಆರಂಭದಲ್ಲೇ ನಾಲ್ಕು ಸಲ 'ಎಷ್ಟರವರೆಗೆ' ಎಂಬ ಪ್ರಶ್ನೆ. ಶಿಲುಬೆಯ ಮೇಲೆ ಯೇಸು ಕೂಗಿದ್ದು 22ನೇ ಕೀರ್ತನೆಯ ಮೊದಲ ಸಾಲನ್ನು. ಪ್ರಲಾಪಗಳ ಗ್ರಂಥದ 3ನೇ ಅಧ್ಯಾಯದಿಂದ, ದೇವರ ಕೃಪೆ ಪ್ರತಿ ಬೆಳಿಗ್ಗೆ ಹೊಸದಾಗಿ ಒದಗುತ್ತದೆ ಎಂಬ ಮಾತನ್ನು ಕ್ಯಾಲೆಂಡರಿನಲ್ಲಿ ಅಚ್ಚು ಹಾಕಿಸುತ್ತೇವೆ. ಅದು ಬರುವುದು 22, 23ನೇ ವಚನದಲ್ಲಿ. ಅದಕ್ಕೆ ಮೊದಲು ಇಪ್ಪತ್ತು ವಚನಗಳಷ್ಟು ದೂರು ಇದೆ: ದೇವರು ನನ್ನ ಸುತ್ತ ಗೋಡೆ ಕಟ್ಟಿದ, ಕೂಗಿದರೂ ಕೇಳಲಿಲ್ಲ, ಬಾಣಕ್ಕೆ ಗುರಿಯಾಗಿಸಿದ ಎಂದು. ಆ ಇಪ್ಪತ್ತನ್ನು ಹಾರಿಸಿ ನೇರ 22ಕ್ಕೆ ಬಂದವರ ಸಮಾಧಾನ ತೆಳ್ಳಗೇ ಇರುತ್ತದೆ.

ಮಾಡುವ ಕ್ರಮ ಹೀಗೆ. ವಾರಕ್ಕೊಮ್ಮೆ, ಅರ್ಧ ಗಂಟೆ ಯಾರೂ ಕರೆಯದ ಹೊತ್ತು ನೋಡಿ. ಒಂದು ನೋಟ್‌ಪುಸ್ತಕ ಸಾಕು. 13ನೇ ಕೀರ್ತನೆಯನ್ನು ಒಮ್ಮೆ ಗಟ್ಟಿಯಾಗಿ ಓದಿ, ಆಮೇಲೆ ಅದೇ ಕ್ರಮದಲ್ಲಿ ನಿಮ್ಮದನ್ನು ಬರೆಯಿರಿ. ಮೊದಲು ಸಂಬೋಧನೆ: 'ಸ್ವಾಮಿ' ಎಂದೋ 'ದೇವಾ' ಎಂದೋ, ನೀವು ನಿಜಕ್ಕೂ ಕರೆಯುವ ಹೆಸರು. ಎರಡನೆಯದು ದೂರು, ಇಲ್ಲಿ ಸಭ್ಯತೆ ಬೇಡ, ವಿವರ ಬೇಕು. 'ನನಗೆ ಕಷ್ಟ ಇದೆ' ಎಂದು ಬರೆದರೆ ಏನೂ ಇಳಿಯುವುದಿಲ್ಲ. 'ಯಜಮಾನರು ಗ್ಲಾಸು ಎತ್ತಲು ಹೋಗಿ ಬೀಳಿಸಿದಾಗ ನನಗೆ ಸಿಟ್ಟು ಬಂತು, ಆ ಸಿಟ್ಟಿಗೆ ನಾಚಿಕೆಯಾಯಿತು, ನೀನು ನೋಡುತ್ತ ಕೂತಿದ್ದೆ' ಎಂದು ಬರೆದರೆ ಇಳಿಯುತ್ತದೆ. ಮೂರನೆಯದು ಬೇಡಿಕೆ, ಒಂದೇ ಒಂದು, ಸ್ಪಷ್ಟವಾಗಿ. ಕೊನೆಗೆ ಭರವಸೆಯ ಒಂದು ಸಾಲು, ಬಂದರೆ ಮಾತ್ರ. ಬಾರದಿದ್ದರೆ ಒತ್ತಾಯಿಸಬೇಡಿ, 88ನೇ ಕೀರ್ತನೆ ಕತ್ತಲಲ್ಲೇ ಮುಗಿಯುತ್ತದೆ, ಅದನ್ನೂ ಧರ್ಮಸಭೆ ಪ್ರಾರ್ಥನೆಯೆಂದೇ ಉಳಿಸಿಕೊಂಡಿದೆ. ಬರೆದದ್ದನ್ನು ಒಮ್ಮೆ ದೇವರಿಗೆ ಕೇಳುವಂತೆ ಓದಿ, ಪುಸ್ತಕ ಮುಚ್ಚಿ. ಅದೇ ದಿನ ಮತ್ತೆ ತೆರೆಯಬೇಡಿ.

ಇಲ್ಲಿ ಎಡವುವುದು ಎರಡು ಕಡೆ. ದೂರನ್ನು ದೇವರಿಗೆ ಹೇಳುವ ಬದಲು ದೇವರ ಬಗ್ಗೆ ಊರಿಗೆಲ್ಲ ಹೇಳುತ್ತ ಹೋದರೆ ಅದು ಬರೀ ಗೊಣಗಾಟ, ಮನಸ್ಸು ಇನ್ನಷ್ಟು ಕಹಿಯಾಗುತ್ತದೆ. ಇನ್ನೊಂದು, ದೂರು ಎಂದರೆ ಕೈಚೆಲ್ಲುವುದು ಎಂದುಕೊಳ್ಳುವುದು. ನಮ್ಮ ಜಿಲ್ಲೆಯಲ್ಲೇ ನೋಡಿ: ಗೇರುತೋಟಗಳ ಮೇಲೆ 2000ದ ತನಕ ವಿಮಾನದಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಎಣ್ಮಕಜೆ ಮೊದಲಾದ ಪಂಚಾಯತುಗಳ ತಾಯಂದಿರು ಹಾಸಿಗೆ ಹಿಡಿದ ಮಕ್ಕಳ ಪಕ್ಕ ಕೂತು ಅತ್ತರು, ಹಾಗೆಯೇ ಎದ್ದು ಹೋಗಿ ಧರಣಿಯನ್ನೂ ಕೂತರು. ಸುಪ್ರೀಂ ಕೋರ್ಟು 2011ರಲ್ಲಿ ಆ ವಿಷವನ್ನು ತಡೆಯಿತು, 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ ₹5 ಲಕ್ಷ ಕೊಡಬೇಕೆಂದು ಕೇರಳ ಸರಕಾರಕ್ಕೆ ಆದೇಶಿಸಿತು. ದೇವರ ಮುಂದೆ ಅಳುವುದೂ ಕಚೇರಿಯ ಮುಂದೆ ನಿಂತು ಕೇಳುವುದೂ ಒಂದಕ್ಕೊಂದು ವಿರೋಧವಲ್ಲ.

ದೂರು ವಾರದ್ದಾದರೆ, ಚಿಂತೆ ದಿನದ್ದು. ಅದಕ್ಕೆ ಫಿಲಿಪ್ಪಿ 4:6-7. ಸೆರೆಮನೆಯಿಂದ ಪೌಲನು ಬರೆದದ್ದು: ಯಾವುದಕ್ಕೂ ಚಿಂತಿಸದೆ, ಕೃತಜ್ಞತೆಯೊಡನೆ ಬೇಡಿಕೆಗಳನ್ನು ದೇವರಿಗೆ ತಿಳಿಸಿ, ಆಗ ಗ್ರಹಿಕೆಗೆ ಮೀರಿದ ದೇವಶಾಂತಿ ನಿಮ್ಮ ಹೃದಯವನ್ನು ಕಾಯುತ್ತದೆ. ಎಲ್ಲರಿಗೂ ಬಾಯಿಪಾಠ. ಮಾಡುವಾಗ ಮಾತ್ರ ಬಹುತೇಕ ಮಂದಿ ಬೇಡಿಕೆಯನ್ನು ತಿಳಿಸುವ ಬದಲು ಚಿಂತೆಯನ್ನೇ ದೇವರ ಹೆಸರು ಸೇರಿಸಿ ಮತ್ತೆ ಮತ್ತೆ ತಿರುವುತ್ತಾರೆ. 'ದೇವರೇ, ಸಾಲ ಏನಾಗುತ್ತದೋ, ತೋಟ ಜಫ್ತಿಯಾದರೆ ಎಲ್ಲಿಗೆ ಹೋಗುವುದು, ದೇವರೇ' ಎಂದು ಅರ್ಧ ಗಂಟೆ ಹೇಳಿದರೆ ಆ ಅರ್ಧ ಗಂಟೆ ನೀವು ಚಿಂತೆಯನ್ನೇ ಮಾಡಿದಿರಿ. ಎದ್ದಾಗ ಭಾರ ಹೆಚ್ಚಿರುತ್ತದೆ, ಕಡಿಮೆ ಇರುವುದಿಲ್ಲ.

ಬೆಳಿಗ್ಗೆ ಫೋನು ಮುಟ್ಟುವ ಮೊದಲು ಹತ್ತು ನಿಮಿಷ ಕೂತು, ಒಂದು ಹಾಳೆಯಲ್ಲಿ ಮೂರು ಕಂಬ (ಕಾಲಂ) ಎಳೆಯಿರಿ. ಮೊದಲ ಕಂಬದಲ್ಲಿ ಇವತ್ತು ನನ್ನ ಕೈಯಲ್ಲಿರುವುದು, ಎರಡನೆಯದರಲ್ಲಿ ಇನ್ನೊಬ್ಬರು ಮಾಡಬೇಕಾದ್ದು, ಮೂರನೆಯದರಲ್ಲಿ ಯಾರ ಕೈಯಲ್ಲೂ ಇಲ್ಲದ್ದು. ಸಾಲವನ್ನೇ ತೆಗೆದುಕೊಳ್ಳಿ. 'ಸಾಲ' ಎಂದು ಒಂದೇ ಪದ ಬರೆದರೆ ಅದು ಮೂರನೆಯ ಕಂಬಕ್ಕೆ ಹೋಗಿ ಗುಡ್ಡದಂತೆ ಕೂರುತ್ತದೆ. ಬಿಡಿಸಿ. ಕಂತಿನ ತಾರೀಕಿಗೆ ಮೊದಲೇ ಬ್ಯಾಂಕಿಗೆ ಹೋಗಿ, ಯಜಮಾನರ ಆಸ್ಪತ್ರೆ ಕಾಗದಗಳ ನಕಲು ಕೊಟ್ಟು, ಅವಧಿ ಮುಂದೂಡಲು ಲಿಖಿತ ಅರ್ಜಿ ಹಾಕುವುದು ಮೊದಲ ಕಂಬ. ಅದನ್ನು ಮಂಜೂರು ಮಾಡುವುದು ಎರಡನೆಯದು. ಅಡಿಕೆಯ ಧಾರಣೆ ಮೂರನೆಯದು. ಕೊಳೆರೋಗವೂ ಹಾಗೆಯೇ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರಿನ ಬೋರ್ಡೋ ದ್ರಾವಣವನ್ನು ಮಳೆ ಹಿಡಿಯುವ ಮೊದಲು ಒಮ್ಮೆ, 40-45 ದಿನ ಬಿಟ್ಟು ಇನ್ನೊಮ್ಮೆ ಹೊಡೆಸುವುದು ನಿಮ್ಮದು. ಮರ ಹತ್ತುವ ಜನ ಬರುವುದು ಅವರದು. ಮಳೆ ದೇವರದು.

ಬರೆದಾದ ಮೇಲೆ ಮೂರನೆಯ ಕಂಬದ ಒಂದೊಂದನ್ನೂ ಹೆಸರು ಹಿಡಿದು ದೇವರಿಗೆ ಒಪ್ಪಿಸಿ, ಒಂದಕ್ಕೆ ಒಂದೇ ವಾಕ್ಯ. ನಿನ್ನೆಯ ದಿನದಲ್ಲಿ ಕಣ್ಣಿಗೆ ಕಂಡ ಮೂರು ಒಳ್ಳೆಯದಕ್ಕೆ ವಂದನೆ ಹೇಳಿ. ಪಾರ್ಶ್ವವಾಯುವಿಗಾಗಿ ದೇವರಿಗೆ ಸ್ತೋತ್ರ ಹೇಳಬೇಕು ಎಂದು ಕೆಲವರು ಕಲಿಸುತ್ತಾರೆ. ಅದು ಬೇಡ. ಆ ರೋಗದ ನಡುವೆಯೂ ಪಕ್ಕದ ಮನೆಯವರು ತೆಂಗಿನಕಾಯಿ ಕೊಯ್ದು ಕೊಟ್ಟರಲ್ಲ, ಅಂಥದ್ದಕ್ಕೆ ಹೇಳಿ. ಆಮೆನ್ ಎಂದು ಎದ್ದು ನೇರ ಮೊದಲ ಕಂಬದ ಒಂದು ಕೆಲಸಕ್ಕೆ ಕೈ ಹಾಕಿ, ಎಷ್ಟೇ ಚಿಕ್ಕದಿರಲಿ. ನಾಳೆಯ ಚಿಂತೆ ನಾಳೆಗೆ ಎಂಬ ಮತ್ತಾಯ 6:34 ಸೋಮಾರಿಗಳಿಗೆ ಹೇಳಿದ ಮಾತಲ್ಲ. ಇವತ್ತಿನದನ್ನು ಇವತ್ತು ಮಾಡುವವರಿಗೆ ಹೇಳಿದ್ದು.

ರಾತ್ರಿ ಎರಡು ಗಂಟೆಯ ವಿಷಯ. ಆ ಹೊತ್ತಿನಲ್ಲಿ ಎಲ್ಲ ಸಮಸ್ಯೆಯೂ ಹಗಲಿಗಿಂತ ದೊಡ್ಡದಾಗಿ ಕಾಣುತ್ತದೆ. ಆಗ ಲೆಕ್ಕ ಹಾಕಬೇಡಿ, ತೀರ್ಮಾನ ಮಾಡಬೇಡಿ, ವಾಟ್ಸಾಪ್ ತೆರೆಯಬೇಡಿ. ತಲೆದಿಂಬಿನ ಬಳಿ ಕಾಗದ, ಪೆನ್ಸಿಲ್ ಇಟ್ಟುಕೊಂಡು, ಸುತ್ತುತ್ತಿರುವ ವಿಚಾರವನ್ನು ಒಂದು ಸಾಲಿನಲ್ಲಿ ಬರೆದು ಬೆಳಗಿನ ಹಾಳೆಗೆ ಬಿಡಿ. ಆಮೇಲೆ ಚಿಕ್ಕ ಪ್ರಾರ್ಥನೆ: ಪೂರ್ವದ ಧರ್ಮಸಭೆಗಳಲ್ಲಿ ಶತಮಾನಗಳಿಂದ ನಡೆದುಬಂದ ಯೇಸುನಾಮದ ಜಪ. ಉಸಿರು ಎಳೆಯುವಾಗ 'ಕರ್ತ ಯೇಸು ಕ್ರಿಸ್ತನೇ, ದೇವಕುಮಾರನೇ', ಬಿಡುವಾಗ 'ಪಾಪಿಯಾದ ನನ್ನ ಮೇಲೆ ಕರುಣೆಯಿಡು'. ಬಿಡುವ ಉಸಿರು ಎಳೆದದ್ದಕ್ಕಿಂತ ಉದ್ದ ಇರಲಿ. ಹಾಗೆ ಮಾಡಿದರೆ ಎದೆಬಡಿತ ತಾನಾಗಿ ನಿಧಾನವಾಗುತ್ತದೆ. ತೆರ್ಸಿನ ಮಣಿ ಕೈಯಲ್ಲಿದ್ದರೆ ಲೆಕ್ಕದ ಗೊಡವೆಯಿಲ್ಲ. ಇಪ್ಪತ್ತು ನಿಮಿಷವಾದರೂ ನಿದ್ದೆ ಹತ್ತದಿದ್ದರೆ ಎದ್ದು ಬೇರೆ ಕಡೆ ಕೂತು, ಮಂದ ಬೆಳಕಿನಲ್ಲಿ 4ನೇ ಕೀರ್ತನೆ ಅಥವಾ 91ನೆಯದನ್ನು ಓದಿ. ಮಠಗಳಲ್ಲಿ ಮಲಗುವ ಮುನ್ನ ಹೇಳುತ್ತ ಬಂದಿರುವುದು ಈ ಎರಡು ಮತ್ತು 134ನೆಯದು. ನಿದ್ದೆ ಬಾರದವರಿಗೆಂದೇ 77ನೆಯದು ಇದೆ: ನನ್ನ ಕಣ್ಣು ಮುಚ್ಚದಂತೆ ಹಿಡಿದವನು ನೀನೇ ಎಂದು ಅದರಲ್ಲಿ ದೇವರ ಮೇಲೆಯೇ ಆರೋಪ. ಓದಿ ನಗು ಬಂದರೂ ತಪ್ಪಿಲ್ಲ.

ಮಲಗುವ ಮುನ್ನ ಹತ್ತು ನಿಮಿಷ ಲೊಯೋಲದ ಸಂತ ಇಗ್ನೇಷಿಯಸರು ಕಲಿಸಿದ ಆತ್ಮಪರೀಕ್ಷೆ ಮಾಡಬಹುದು. ಐದು ಹೆಜ್ಜೆ: ವಂದನೆ, ಬೆಳಕಿಗಾಗಿ ಬೇಡಿಕೆ, ದಿನವನ್ನು ಗಂಟೆ ಗಂಟೆಯಾಗಿ ನೆನೆಯುವುದು, ತಪ್ಪಿದ್ದಕ್ಕೆ ಕ್ಷಮೆ, ನಾಳೆಗೆ ಒಂದು ನಿಶ್ಚಯ. ಸೂಕ್ಷ್ಮ ಮನಸ್ಸಿನವರು ನಾಲ್ಕನೆಯ ಹೆಜ್ಜೆಯಲ್ಲೇ ಸಿಕ್ಕಿಹಾಕಿಕೊಂಡು ರಾತ್ರಿಯಿಡೀ ತಮ್ಮನ್ನೇ ದೂಷಿಸಿಕೊಳ್ಳುತ್ತಾರೆ. ನೀವು ಆ ಸ್ವಭಾವದವರು ಎಂದು ಪತ್ರ ನೋಡಿದರೆ ಅನ್ನಿಸುತ್ತದೆ. ಹಾಗಿದ್ದರೆ ನಾಲ್ಕನೆಯದನ್ನು ಒಂದು ವಾಕ್ಯಕ್ಕೆ ಮುಗಿಸಿ.

ಇದೇ ಇಗ್ನೇಷಿಯಸರು 1521ರಲ್ಲಿ ಪಾಂಪ್ಲೋನಾದ ಯುದ್ಧದಲ್ಲಿ ಕಾಲು ಮುರಿದುಕೊಂಡು ತಿಂಗಳುಗಟ್ಟಲೆ ಮಲಗಿದವರು. ಆಗ ತಮ್ಮೊಳಗೆ ಏಳುವ ಬೀಳುವ ಭಾವಗಳನ್ನು ಗಮನಿಸಿ ನೋಡಿ ಕೆಲವು ನಿಯಮಗಳನ್ನು ಬರೆದರು. ನಿಮಗೆ ಬೇಕಾದವು ಎರಡು. ಮನಸ್ಸು ಕತ್ತಲಲ್ಲಿದ್ದಾಗ, ಬೆಳಕಿನಲ್ಲಿದ್ದಾಗ ಮಾಡಿದ ನಿಶ್ಚಯವನ್ನು ಬದಲಿಸಬೇಡ ಎಂಬುದು ಒಂದು. ನಿಮ್ಮ ಲೆಕ್ಕದಲ್ಲಿ ಹೇಳುವುದಾದರೆ: ಸಿಟ್ಟಿನಲ್ಲಿ ತೋಟ ಮಾರಲು ಮುಂಗಡ ತೆಗೆದುಕೊಳ್ಳಬೇಡಿ, ಇಗರ್ಜಿಗೆ ಹೋಗುವುದನ್ನು ಬಿಡಬೇಡಿ, ಮಗಳ ಓದು ನಿಲ್ಲಿಸುವ ಯೋಚನೆ ಬಂದರೆ ಹದಿನೈದು ದಿನ ತಡೆಯಿರಿ. ಮಾರುವುದೇ ಸರಿಯಾದ ದಾರಿ ಇರಬಹುದು. ಮನಸ್ಸು ತಿಳಿಯಾಗಿದ್ದ ದಿನವೂ ಹಾಗೆಯೇ ಅನ್ನಿಸಿದರೆ ಮಾರಿ. ಇನ್ನೊಂದು, ಕತ್ತಲು ಗುಟ್ಟನ್ನು ಬಯಸುತ್ತದೆ, ಬಲ್ಲವರೊಬ್ಬರ ಮುಂದೆ ಹೇಳಿಬಿಟ್ಟರೆ ಅದರ ಬಲ ಅರ್ಧವಾಗುತ್ತದೆ ಎಂಬುದು. ಪಾಪನಿವೇದನೆ ಇರುವುದು ಪಾಪಕ್ಕೆ ಮಾತ್ರ ಎಂದು ಅಲ್ಲಿ ಎರಡು ನಿಮಿಷದಲ್ಲಿ ಎದ್ದು ಬರಬೇಡಿ. ವಾರದ ದಿನ ಫಾದರ್ ಬಳಿ ಅರ್ಧ ಗಂಟೆ ಸಮಯ ಕೇಳಿ ಹೋಗಿ. ಆದಿತ್ಯವಾರ ಪೂಜೆ ಮುಗಿದ ಗದ್ದಲದಲ್ಲಿ ಇಂಥ ಮಾತು ಆಗುವುದಿಲ್ಲ. ಫಾದರ್ ಹತ್ತಿರ ಹೇಳಲು ಸಂಕೋಚವಾದರೆ ಕಾನ್ವೆಂಟಿನ ಒಬ್ಬ ಹಿರಿಯ ಸಿಸ್ಟರ್ ಆಗಬಹುದು.

ಈಗ ನೀವು ಬಹುಶಃ ಬೇಡವೆನ್ನುವ ಮಾತು: ಬೇರೆಯವರ ಸಹಾಯ ಕೇಳಬೇಕು. ಒಬ್ಬರ ಭಾರವನ್ನು ಒಬ್ಬರು ಹೊತ್ತುಕೊಳ್ಳಿ ಎಂದು ಗಲಾತ್ಯ 6:2 ಹೇಳುತ್ತದೆ, ಹೊರಲು ಕೊಡುವವರಿಲ್ಲದಿದ್ದರೆ ಹೊರುವುದು ಹೇಗೆ? 'ನಮಗಾಗಿ ಪ್ರಾರ್ಥಿಸಿ' ಎಂದು ವಾಡೆಯಲ್ಲಿ (ಚರ್ಚಿಗೆ ಸೇರಿದ ಅಕ್ಕಪಕ್ಕದ ಮನೆಗಳ ಗುಂಪಿನಲ್ಲಿ) ಹೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ, ಯಾರೂ ಬರುವುದಿಲ್ಲ. ಅವರು ಕೆಟ್ಟವರೆಂದಲ್ಲ, ಏನು ಮಾಡಬೇಕೆಂದು ಗೊತ್ತಾಗುವುದಿಲ್ಲ. ವಾಡೆಯ ಮುಖ್ಯಸ್ಥರಾದ ಗುರ್ಕಾರರ ಬಳಿ ಕೇಳುವುದನ್ನು ಅಳೆದು ಕೇಳಿ: ವಾರದಲ್ಲಿ ಒಂದು ಮಧ್ಯಾಹ್ನ ಎರಡು ಗಂಟೆ ಯಾರಾದರೂ ಯಜಮಾನರ ಬಳಿ ಕೂರಬೇಕು, ಮಂಗಳೂರಿನ ಆಸ್ಪತ್ರೆಗೆ ಹೋಗುವ ದಿನ ಒಬ್ಬ ಗಂಡಾಳು ಜೊತೆಗೆ ಬೇಕು. ಚರ್ಚಿನಲ್ಲಿ ಸೈಂಟ್ ವಿನ್ಸೆಂಟ್ ದಿ ಪಾವ್ಲ್ ಸಭೆಯ ಘಟಕ ಇದ್ದರೆ ಔಷಧಿಯ ಖರ್ಚಿಗೆ ಕೇಳಲು ನಾಚಬೇಡಿ, 1833ರಲ್ಲಿ ಪ್ಯಾರಿಸಿನಲ್ಲಿ ಅದು ಹುಟ್ಟಿದ್ದೇ ಇಂಥ ಮನೆಗಳ ಬಾಗಿಲಿಗೆ ಹೋಗಲು. ಹಾಸಿಗೆ ಹಿಡಿದವರಿಗೆ ಮನೆಗೇ ಪರಮಪ್ರಸಾದ ತಂದುಕೊಡುವ ಏರ್ಪಾಡನ್ನೂ ಕೇಳಿ. ರೋಗಿಗಳ ಅಭ್ಯಂಗ (ಫಾದರ್ ಎಣ್ಣೆ ಹಚ್ಚಿ ಪ್ರಾರ್ಥಿಸುವ ಸಂಸ್ಕಾರ) ಸಾಯುವವರಿಗೆ ಮಾತ್ರ ಎಂಬ ಹಳೆಯ ಹೆದರಿಕೆ ಬೇಡ. ಯಾಕೋಬ 5:14 ಹೇಳುವುದು ಅಸ್ವಸ್ಥರಾದವರ ಬಗ್ಗೆ. ಗಂಭೀರ ಕಾಯಿಲೆಯಲ್ಲಿ ಅದನ್ನು ಪಡೆಯಬಹುದು, ರೋಗ ಉಲ್ಬಣಿಸಿದರೆ ಮತ್ತೆ ಪಡೆಯಬಹುದು.

ಚರ್ಚಿನ ಹೊರಗೂ ಸಹಾಯ ಇದೆ. ಕೇರಳದಲ್ಲಿ 2008ರಿಂದ ಪಾಲಿಯೇಟಿವ್ ಆರೈಕೆಗೆ (ದೀರ್ಘ ಕಾಯಿಲೆಯವರ ನೋವು, ಕಷ್ಟ ತಗ್ಗಿಸುವ ಆರೈಕೆಗೆ) ಸರಕಾರದ ನೀತಿಯೇ ಇದೆ, ಪಂಚಾಯತುಗಳ ಮೂಲಕ ನರ್ಸ್ ಮನೆಗೆ ಬರುತ್ತಾರೆ. ವಾರ್ಡ್ ಮೆಂಬರ್ ಅಥವಾ ಆಶಾ ಕಾರ್ಯಕರ್ತೆಗೆ ಹೇಳಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹೆಸರು ಬರೆಸಿ. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆ ಆಶ್ವಾಸಕಿರಣಂ ಎಂಬ ಸಹಾಯಧನದ ಯೋಜನೆ ಇದೆ, ಅದನ್ನೂ ವಿಚಾರಿಸಿ. ಫಾರಂ ಮಲೆಯಾಳದಲ್ಲಿದೆ ಎಂದು ಹಿಂದೆ ಸರಿಯಬೇಡಿ. ಸರಕಾರಿ ಅರ್ಜಿ ಹಾಕಿಕೊಡುವ ಗಡಿ ಊರುಗಳ ಅಕ್ಷಯ ಕೇಂದ್ರಗಳಲ್ಲಿ ಕನ್ನಡ ಬಲ್ಲವರು ಸಿಗುತ್ತಾರೆ. ಇದನ್ನೆಲ್ಲ ಆಧ್ಯಾತ್ಮದ ಉತ್ತರದಲ್ಲಿ ಏಕೆ ಬರೆಯುತ್ತಿದ್ದೀರಿ ಎಂದು ಕೆಲವು ಓದುಗರು ಕೇಳಬಹುದು. ಎಲೀಯನ ರೊಟ್ಟಿ ಯಾವ ಖಾತೆಗೆ ಸೇರಿದ್ದೋ ಇದೂ ಅದಕ್ಕೇ.

ಮೈದುನಂದಿರ ಮೇಲಿನ ಸಿಟ್ಟಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕ್ಷಮಿಸುವುದೆಂದರೆ ಅವರು ಮಾಡಿದ್ದು ಸರಿ ಎನ್ನುವುದಲ್ಲ, ಆಸ್ತಿಯ ಪಾಲು ಬಿಟ್ಟುಕೊಡುವುದೂ ಅಲ್ಲ. ಅವರಿಗೆ ಕೆಡುಕು ಬಯಸುವ ಹಕ್ಕನ್ನು ಬಿಡುವುದು. ಪರಲೋಕ ಪ್ರಾರ್ಥನೆಯಲ್ಲಿ ಆ ಸಾಲು ಬಂದಾಗ ಅವರ ಹೆಸರನ್ನು ಮನಸ್ಸಿನಲ್ಲಿ ಹೇಳಿ, ಒಪ್ಪಿಗೆ ಇಲ್ಲದಿದ್ದರೂ ಹೇಳಿ. ಭಾವ ತಡವಾಗಿ ಬರುತ್ತದೆ. ಯಜಮಾನರ ಸ್ಥಿತಿಯನ್ನು ಅವರಿಗೆ ಒಂದು ಸಲ ವಿವರವಾಗಿ, ದೂಷಣೆಯಿಲ್ಲದೆ ಬರೆದು ತಿಳಿಸಿ.

ಕೆಲವು ಮಾತುಗಳಿಂದ ದೂರ ಇರಿ. ಇಷ್ಟು ಕಾಣಿಕೆ ಕೊಟ್ಟರೆ ಇಂಥ ದಿನ ಗುಣವಾಗುತ್ತದೆ ಎಂದವರಿಗೆ ಒಂದು ರೂಪಾಯಿಯೂ ಕೊಡಬೇಡಿ. ಗುಣವಾಗದ್ದಕ್ಕೆ ನಿಮ್ಮ ಅಥವಾ ಹಿರಿಯರ ಪಾಪ ಕಾರಣ ಎನ್ನುವವರು ಯೋಬನ ಸ್ನೇಹಿತರ ಸಂತತಿ. ಅವರು ಏಳು ದಿನ ಸುಮ್ಮನೆ ಪಕ್ಕದಲ್ಲಿ ಕೂತಿದ್ದಷ್ಟು ಕಾಲ ಒಳ್ಳೆಯದನ್ನೇ ಮಾಡಿದರು, ಬಾಯಿ ತೆರೆದ ಮೇಲೆ ಕೆಡಿಸಿದರು. ಕೊನೆಗೆ ದೇವರ ಸಿಟ್ಟು ಅವರ ಮೇಲೆ (ಯೋಬ 42:7). ಪೌಲನೂ ತನ್ನ ಶರೀರದ ಮುಳ್ಳು ತೆಗೆಯೆಂದು ಮೂರು ಸಲ ಬೇಡಿದ, ಮುಳ್ಳು ಹೋಗಲಿಲ್ಲ, ನನ್ನ ಕೃಪೆ ಸಾಕು ಎಂಬ ಉತ್ತರ ಬಂತು (2 ಕೊರಿಂಥ 12). ಅವನ ವಿಶ್ವಾಸ ಕಡಿಮೆ ಎಂದು ಯಾರಾದರೂ ಹೇಳುತ್ತಾರೆಯೇ? ಎಲ್ಲಕ್ಕಿಂತ ಅಪಾಯದ್ದು, ಪ್ರಾರ್ಥನೆ ಆಯಿತು, ಇನ್ನು ಮಾತ್ರೆ ಬೇಡ ಎನ್ನುವುದು. ರಕ್ತದೊತ್ತಡದ ಮತ್ತು ರಕ್ತ ಹೆಪ್ಪುಗಟ್ಟದಂತೆ ಕೊಡುವ ಮಾತ್ರೆ ನಿಲ್ಲಿಸಿದರೆ ಇನ್ನೊಮ್ಮೆ ಪಾರ್ಶ್ವವಾಯು ಬಡಿಯಬಹುದು. ಕಥೋಲಿಕ ಬೈಬಲ್ಲಿನ ಸಿರಾಖನ ಗ್ರಂಥದ 38ನೇ ಅಧ್ಯಾಯ ವೈದ್ಯನನ್ನು ಗೌರವಿಸು, ಔಷಧಿಯನ್ನು ಭೂಮಿಯಿಂದ ಹುಟ್ಟಿಸಿದವನು ದೇವರೇ ಎನ್ನುತ್ತದೆ. ಪ್ರಾರ್ಥಿಸು ಎಂದೂ ಅಲ್ಲೇ ಹೇಳಿದೆ, ಎರಡೂ ಒಂದೇ ಉಸಿರಿನಲ್ಲಿ.

ನಿಮ್ಮ ನಿದ್ರಾಹೀನತೆಯ ಬಗ್ಗೆ ಇನ್ನೊಂದು ಮಾತು. ಎರಡು ವಾರಕ್ಕೂ ಹೆಚ್ಚು ಕಾಲ ದಿನವಿಡೀ ಮನಸ್ಸು ಮಂಕಾಗಿದ್ದು, ಯಾವುದರಲ್ಲೂ ರುಚಿಯಿಲ್ಲದೆ, ನಡುರಾತ್ರಿಯ ಎಚ್ಚರ, ಹಸಿವು ಕಡಿಮೆ, ನಾನು ಯಾರಿಗೂ ಬೇಡ ಎಂಬ ಯೋಚನೆ ಇದ್ದರೆ ಅದು ಖಿನ್ನತೆ ಇರಬಹುದು. ಅದಕ್ಕೆ ಚಿಕಿತ್ಸೆ ಇದೆ, ಪಡೆದರೆ ವಿಶ್ವಾಸಕ್ಕೆ ಕುಂದಿಲ್ಲ. ಸಾಯುವ ಯೋಚನೆ ಒಮ್ಮೆ ಬಂದರೂ ಅದೇ ದಿನ ಯಾರಿಗಾದರೂ ಹೇಳಿ. ಟೆಲಿ ಮಾನಸ್ 14416, ಕೇರಳದ ದಿಶಾ 1056, ಈ ಎರಡೂ ಫೋನ್ ಸಹಾಯವಾಣಿಗಳು ಹಗಲು ರಾತ್ರಿ ಇರುತ್ತವೆ, ದುಡ್ಡು ಬೇಡ. ಯಜಮಾನರನ್ನೂ ಗಮನಿಸಿ, ಪಾರ್ಶ್ವವಾಯುವಿನ ನಂತರ ಖಿನ್ನತೆ ಸಾಮಾನ್ಯ. ಅವರು ಮುಖ ತಿರುಗಿಸುವುದು, ಊಟ ಬೇಡವೆನ್ನುವುದು ಹಟ ಅಲ್ಲದಿರಬಹುದು.

ಬೇಳದ ಇಗರ್ಜಿ ನಿಮಗೆ ದೂರವಲ್ಲ. 1890ರ ಆ ದೇವಾಲಯ ವ್ಯಾಕುಲ ಮಾತೆಗೆ (ದುಃಖ ಹೊತ್ತ ಮರಿಯಮ್ಮನಿಗೆ) ಅರ್ಪಿತವಾದದ್ದು, ಸೆಪ್ಟೆಂಬರ್ 15 ಆ ತಾಯಿಯ ಸ್ಮರಣೆಯ ದಿನ. ಆಕೆಯ ಏಳು ವ್ಯಾಕುಲಗಳಲ್ಲಿ ಮೂರನೆಯದು ಮಗ ಯೇಸು ಬಾಲಕನಾಗಿದ್ದಾಗ ಕಳೆದುಹೋದದ್ದು. ಮೂರು ದಿನ ಹುಡುಕಿ ಸಿಕ್ಕಿದ ಮೇಲೂ ಅವನು ಹೇಳಿದ ಮಾತು ತಂದೆತಾಯಿಗೆ ಅರ್ಥವಾಗಲಿಲ್ಲ ಎಂದು ಲೂಕ 2:50 ನೇರವಾಗಿ ಬರೆದಿದ್ದಾನೆ. ಮರಿಯಮ್ಮನಿಗೂ ವಿವರಣೆ ಸಿಗಲಿಲ್ಲ. ಶಿಲುಬೆಯ ಕೆಳಗೆ ಆಕೆ ನಿಂತಿದ್ದಳು ಎಂದಷ್ಟೇ ಯೋಹಾನನು ಹೇಳುತ್ತಾನೆ, ಮನಸ್ಸು ಶಾಂತವಾಗಿತ್ತು ಎಂದು ಹೇಳುವುದಿಲ್ಲ. ತೆರ್ಸ್ ಯಾಂತ್ರಿಕವಾಗಿದೆ ಅನ್ನಿಸುವ ವಾರ ಈ ಏಳರಲ್ಲಿ ದಿನಕ್ಕೊಂದನ್ನು ಹಿಡಿದು ಧ್ಯಾನಿಸಿ. ಸಿಎಸ್‌ಐ (ಪ್ರೊಟೆಸ್ಟಂಟ್) ಸಭೆಯ ಓದುಗರು ಆ ಹೊತ್ತಿಗೆ ದೂರಿನ ಒಂದು ಕೀರ್ತನೆ ಇಟ್ಟುಕೊಳ್ಳಬಹುದು.

ಇಷ್ಟನ್ನೂ ಒಟ್ಟಿಗೆ ಶುರು ಮಾಡಬೇಡಿ, ಹತ್ತು ದಿನದಲ್ಲಿ ಎಲ್ಲವೂ ಬಿದ್ದುಹೋಗುತ್ತದೆ. ಮೊದಲ ಎರಡು ವಾರ ಬೆಳಗಿನ ಮೂರು ಕಂಬ ಮತ್ತು ನಡುರಾತ್ರಿಯ ಉಸಿರಿನ ಜಪ, ಇವೆರಡೇ. ಗುರ್ಕಾರರನ್ನು ಕಾಣುವುದು ಅದೇ ಮೊದಲ ವಾರ. ದೂರಿನ ಬರಹ ಮೂರನೆಯ ವಾರದಿಂದ. ಆತ್ಮಪರೀಕ್ಷೆ ಆಮೇಲೆ, ಬೇಕೆನಿಸಿದರೆ. ನಡುವೆ ನಾಲ್ಕು ದಿನ ತಪ್ಪಿದರೆ ಐದನೆಯ ದಿನ ಅಲ್ಲಿಂದಲೇ ಮುಂದುವರಿಸಿ, ತಪ್ಪಿದ್ದನ್ನು ಸೇರಿಸಿ ತೀರಿಸುವ ಲೆಕ್ಕ ಇಲ್ಲಿಲ್ಲ. ಲಾಭವಾಗುತ್ತಿದೆಯೇ ಎಂದು ನೋಡಬೇಕಾದ್ದು ಮನಸ್ಸಿನ ಹಗುರತನದಲ್ಲಿ ಅಲ್ಲ. ಬ್ಯಾಂಕಿಗೆ ಹೋಗಲು ಮುಂದೂಡದೆ ಹೋದಿರಾ, ಯಜಮಾನರ ಮೇಲೆ ರೇಗಿದ ಮೇಲೆ ಬೇಗ ಸರಿಹೋದಿರಾ, ಕೆಟ್ಟ ಸುದ್ದಿ ಬಂದ ದಿನವೂ ಊಟ ಮಾಡಿದಿರಾ, ಇವುಗಳಲ್ಲಿ ನೋಡಿ. ಅದೂ ತಿಂಗಳಿಗೊಮ್ಮೆ.

ಇನ್ನೊಂದು ಕೆಲಸ ಯಜಮಾನರ ಜೊತೆಗೆ. ಪಾರ್ಶ್ವವಾಯುವಿನಲ್ಲಿ ಮಾತು ಹೋದವರು ಚಿಕ್ಕಂದಿನಿಂದ ಬಾಯಿಪಾಠವಿರುವ ಪ್ರಾರ್ಥನೆಯನ್ನೋ ಹಾಡನ್ನೋ ಎಷ್ಟೋ ಸಲ ಹೇಳಬಲ್ಲರು. ಸ್ವಂತ ಮಾತು ಕಟ್ಟುವುದೂ ಕಂಠಪಾಠ ಒಪ್ಪಿಸುವುದೂ ಮೆದುಳಿಗೆ ಒಂದೇ ಕೆಲಸವಲ್ಲ. ನೀವೊಬ್ಬರೇ ತೆರ್ಸ್ ಹೇಳಿ ಮುಗಿಸುವ ಬದಲು ಅವರ ಎದುರು ಕೂತು, ಅವರು ಕಲಿತ ಕೊಂಕಣಿಯಲ್ಲೇ 'ಆಮ್ಚ್ಯಾ ಬಾಪಾ' ನಿಧಾನವಾಗಿ ಆರಂಭಿಸಿ, ಪ್ರತಿ ಸಾಲಿನ ಕೊನೆಯ ಪದವನ್ನು ಅವರಿಗೆ ಬಿಡಿ. ತಡವರಿಸಿದರೆ ಹತ್ತು ಎಣಿಸುವಷ್ಟು ಹೊತ್ತು ಕಾಯಿರಿ, ಆಮೇಲೆ ನೀವೇ ಹೇಳಿ ಮುಂದೆ ಹೋಗಿ, ತಿದ್ದಬೇಡಿ. ಐದು ನಿಮಿಷ ಸಾಕು, ಸುಸ್ತಾದರೆ ನಿಲ್ಲಿಸಿ. ಪದಗಳು ಬರತೊಡಗಿದರೆ ಯಾವುವು ಬಂದವು ಎಂದು ಬರೆದಿಟ್ಟುಕೊಂಡು ಮುಂದಿನ ಸಲ ಮಂಗಳೂರಿಗೆ ಹೋದಾಗ ಸ್ಪೀಚ್ ಥೆರಪಿಸ್ಟರಿಗೆ ತೋರಿಸಿ, ಅವರ ಚಿಕಿತ್ಸೆಗೆ ಅದು ಉಪಯೋಗಕ್ಕೆ ಬರುತ್ತದೆ.